ಬೂದೆಪ್ಪನ ಬೆಳ್ಳಿ ತೊಟ್ಟಿಲು

ಬೂದೆಪ್ಪನಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಹರಕೆ ಹೊರುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. "ನೀ ಇದು ಕೊಡು, ನಾ ಅದು ಕೊಡ್ತೀನಿ ಅನ್ನಾಕ ದೇವರೇನು ಗುತ್ತಿಗೆದಾರನೇನು?" ಎಂದು ಹೆಂಡತಿ ಸಾಬಮ್ಮನನ್ನು ಕೆಣಕುವುದು ಅವನ ಮೂವತ್ತು ವರ್ಷದ ಚಟ. ಸಾಬಮ್ಮ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ. ತಿಂಥಣಿ ಮೌನಪ್ಪನಿಗೆ ಒಂದು, ಮೈಲಾಪುರದ ಮಲ್ಲಯ್ಯನಿಗೆ ಒಂದು, ನಾಂಪಲ್ಲಿಯ ದರ್ಗಾಕ್ಕೆ ಒಂದು ಎಂದು ಹರಕೆ ಹೊರುತ್ತಲೇ ಇದ್ದಳು, ಒಂದೊಂದು ಹರಕೆಗೆ ಸೆರಗಿನ ತುದಿಗೆ ಒಂದೊಂದು ಗಂಟು ಹಾಕಿಕೊಳ್ಳುತ್ತಲೇ ಇದ್ದಳು. ಇಂಥ ಬೂದೆಪ್ಪ ಹೋದ ವರ್ಷ ಯಾರಿಗೂ ತಿಳಿಯದ ಹಾಗೆ ತಾನೇ ಒಂದು ಹರಕೆ ಕಟ್ಟಿದ. ಅದೂ ಒಬ್ಬ ನವಾಬನಿಗೆ.

ಶಹಾಪುರದ ಕಡೆಯ ಹಳ್ಳಿಯೊಂದರಿಂದ ಹತ್ತೊಂಬತ್ತನೆಯ ವಯಸ್ಸಿಗೆ ಹೈದರಾಬಾದಿಗೆ ಬಂದವನು ಅವನು. ಕಸುಬು ಗೌಂಡಿ ಕೆಲಸ, ಅದರಲ್ಲೂ ಕಲ್ಲಿನ ಗೋಡೆ ಕಟ್ಟುವುದು. ಕೊಂಡಾಪುರದಲ್ಲಿ ಬರೀ ಬಂಡೆ, ಗಚ್ಚಿಬೌಲಿಯಲ್ಲಿ ಬರೀ ಕುರುಚಲು ಇದ್ದ ಕಾಲದಿಂದಲೂ ಆ ಕಡೆಯ ಕಂಪೌಂಡುಗಳನ್ನು ಕಟ್ಟುತ್ತ ಬಂದವನು. ಈಗಲೂ ಬಸ್ಸಿನಲ್ಲಿ ಅತ್ತ ಹೋದರೆ ಮುಗಿಲು ಮುಟ್ಟಿದ ಗಾಜಿನ ಕಟ್ಟಡಗಳ ಕಡೆ ಕಣ್ಣೆತ್ತುವುದಿಲ್ಲ. ಅವುಗಳ ಸುತ್ತಲ ಗೋಡೆಯನ್ನೇ ನೋಡಿ, "ಈ ಸಂದು ನಂದು. ಆ ಸೊಟ್ಟ ಕೆಲಸ ಯಾವನದೋ ಗೊತ್ತಿಲ್ಲ" ಎಂದು ಪಕ್ಕದವನಿಗೆ ಹೇಳುತ್ತಾನೆ. ಪಕ್ಕದವನಿಗೆ ಕನ್ನಡ ಬರುವುದಿಲ್ಲ ಎಂಬುದು ಅವನಿಗೆ ದೊಡ್ಡ ಅಡ್ಡಿಯೇನಲ್ಲ.

ಹನ್ನೊಂದು ವರ್ಷದ ಹಿಂದೆ ಸಾರವೆಯಿಂದ ಬಿದ್ದು ಎಡ ಮಂಡಿ ಕೈಕೊಟ್ಟಿತು. ಮೇಸ್ತ್ರಿ ಹಂಪಯ್ಯ ಊರಿನವನೇ ಆಗಿದ್ದರಿಂದ ಅವರಿವರ ಕೈಕಾಲು ಹಿಡಿದು, ಬೇಗಂ ಬಜಾರಿನ ಹಿಂದಿರುವ ಮಹಬೂಬ್ ಬಾಗ್ ಎಂಬ ಸಣ್ಣ ಹಳೆಯ ತೋಟಕ್ಕೆ ವಾಚ್‌ಮನ್ ಕೆಲಸ ಕೊಡಿಸಿದ. ಬಜಾರಿನ ಕಡೆಯಿಂದ ಗಾಳಿ ಬೀಸಿದರೆ ಒಣಮೆಣಸಿನಕಾಯಿ ಘಾಟಿಗೆ ತೋಟದಲ್ಲಿ ಕೂತವರೆಲ್ಲ ಒಟ್ಟಿಗೇ ಸೀನುತ್ತಿದ್ದರು. ಬೂದೆಪ್ಪನಿಗೆ ಒಂದು ಖಾಕಿ ಅಂಗಿ, ಒಂದು ಹಿತ್ತಾಳೆ ಸೀಟಿ. ಪೇರಲ ಕಾಯಿ ಕೀಳುವವರಿಗೂ, ಒಳಗೆ ನುಗ್ಗಿದ ಆಡುಗಳಿಗೂ, ಮರದ ಮರೆಗೆ ಕೂತ ಜೋಡಿಗಳಿಗೂ ಅವನು ಒಂದೇ ನಮೂನೆ ಸೀಟಿ ಊದುತ್ತಿದ್ದ. ಆಡುಗಳು ಮಾತ್ರ ಅದಕ್ಕೆ ಬೆಲೆ ಕೊಡುತ್ತಿದ್ದವು.

ತೋಟದ ಕಲ್ಲಿನ ಬಾಗಿಲ ಒಳಮಗ್ಗುಲಿಗೆ ಉರ್ದು ಅಕ್ಷರ ಕೆತ್ತಿದ ಒಂದು ಚಪ್ಪಡಿ. ಅದು ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಹೆಸರು ಎಂದು ಯಾರೋ ಹೇಳಿದ್ದರು. ಚಪ್ಪಡಿಯ ಕೆಳಗೆ ದೀಪ ಇಡುವಷ್ಟು ದೊಡ್ಡ ಗೂಡು. ಎರಡು ವರ್ಷದಿಂದ ಆ ಗೂಡಿಗೆ ವಿಚಿತ್ರ ಜನ ಬರತೊಡಗಿದ್ದರು. ಬೆನ್ನಿಗೆ ಚೀಲ, ಕಾಲಿಗೆ ಬೂಟು, ಕೈಯಲ್ಲಿ ಮೊಬೈಲು. ಅದನ್ನೇ ನೋಡುತ್ತ ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಆಮೇಲೆ ಅತ್ತಿತ್ತ ನೋಡಿ ಗೂಡಿನೊಳಗಿನ ಸಡಿಲ ಕಲ್ಲಿನ ಹಿಂದೆ ಕೈ ಹಾಕಿ ಒಂದು ಸ್ಟೀಲು ಡಬ್ಬಿ ತೆಗೆಯುತ್ತಿದ್ದರು. ಅದರೊಳಗಿನ ಪುಟ್ಟ ಪುಸ್ತಕದಲ್ಲಿ ಏನೋ ಬರೆದು ಡಬ್ಬಿಯನ್ನು ಮತ್ತೆ ಅಲ್ಲೇ ಇಟ್ಟು, ಮುಖ ಅರಳಿಸಿಕೊಂಡು ಹೋಗುತ್ತಿದ್ದರು. ಕೆಲವರು ಅದರಲ್ಲಿ ಮಣಿಯನ್ನೋ ಗೋಲಿಯನ್ನೋ ಇಟ್ಟು ಹೋಗುವುದೂ ಇತ್ತು.

ಮೊದಮೊದಲು ಬೂದೆಪ್ಪ ಕಳ್ಳರಿರಬೇಕು ಎಂದುಕೊಂಡ. ಕಳುವೇನೂ ಆಗಲಿಲ್ಲ. ಆಮೇಲೆ ಅವನಿಗೆ ತನ್ನ ಅಜ್ಜಿಯ ನೆನಪಾಯಿತು. ಅವರ ಊರೂ ಒಂದು ಕಾಲಕ್ಕೆ ನಿಜಾಮನ ರಾಜ್ಯವೇ. ಹಿತ್ತಿಲಲ್ಲಿ ಹಾವು ಕಂಡರೆ ಅಜ್ಜಿ, "ಮಹಬೂಬ್ ಪಾಷಾನ ಆಣೆ ಐತಿ ನಿನಗ, ಸರಿ ಅತ್ತಾಗ" ಎಂದು ಗದರುತ್ತಿದ್ದಳು. ಆ ಪಾಷಾನ ಹೆಸರು ಹೇಳಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆ ಊರಿಗೇ ಇತ್ತು. ಹಾವು ಸರಿದುಹೋಗುತ್ತಿದ್ದುದಂತೂ ನಿಜ. ಪಾಷಾನ ಆಣೆಗೋ ಅಜ್ಜಿಯ ಬಾಯಿಗೋ, ಹಾವನ್ನು ಕೇಳಿದವರಿಲ್ಲ. ಬೂದೆಪ್ಪನಿಗೆ ಈಗ ಎಲ್ಲ ಹೊಳೆಯಿತು. ಈ ಓದಿದ ಮಂದಿ ಸುಮ್ಮನೆ ಬರುವವರಲ್ಲ. ಪಾಷಾನ ಹೆಸರಿನಲ್ಲಿ ಬೇಡಿಕೆ ಬರೆದು ಹರಕೆ ಕಟ್ಟಿ ಹೋಗುತ್ತಿದ್ದಾರೆ. "ಇಂಗ್ಲಿಷ್ ಕಲ್ತ್ರೂ ಅಷ್ಟ, ಸಾಬಮ್ಮ ಆದ್ರೂ ಅಷ್ಟ" ಎಂದು ಒಬ್ಬನೇ ನಕ್ಕ.

ಆ ನಗು ಬಹಳ ದಿನ ಉಳಿಯಲಿಲ್ಲ. ಒಬ್ಬಳೇ ಮಗಳು ರೇಣುಕಾಳನ್ನು ಕಲಬುರಗಿಗೆ ಕೊಟ್ಟಿದ್ದರು. ಅಳಿಯ ಸಾಯಿಕುಮಾರ ಆಟೋ ಓಡಿಸುವವನು, ಮಾತು ಕಡಿಮೆ, ಒಳ್ಳೆಯವನು. ಮದುವೆಯಾಗಿ ಐದು ವರ್ಷದಲ್ಲಿ ಎರಡು ಸಲ ಬಸಿರು ನಿಲ್ಲದೆ ಹೋಯಿತು. ಎರಡನೆಯ ಸಲ ರೇಣುಕಾ ಫೋನಿನಲ್ಲಿ ಅಳಲಿಲ್ಲ. "ಅಪ್ಪಾ, ಇನ್ನ ಮ್ಯಾಲೆ ನಾ ಯಾರ ಮನ್ಯಾಗಿನ ಬಸರಿ ಕುಬಸದ ಕಾರ್ಯಕ್ಕೂ ಹೋಗಂಗಿಲ್ಲ" ಎಂದಷ್ಟೇ ಹೇಳಿದಳು. ಅತ್ತಿದ್ದರೆ ಬೂದೆಪ್ಪ ತಡೆದುಕೊಳ್ಳುತ್ತಿದ್ದನೇನೋ. ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು.

ಮರುದಿನವೇ ಬೇಗಂ ಬಜಾರಿನ ಬೆಳ್ಳಿ ಅಂಗಡಿಯಲ್ಲಿ, ಹರಕೆಗೆಂದೇ ತೆಳ್ಳಗಿನ ತಗಡಿನಲ್ಲಿ ಮಾಡಿದ ಹೆಬ್ಬೆರಳುದ್ದದ ಒಂದು ತೊಟ್ಟಿಲು ಕೊಂಡ. ಯಾರಿಗೆ ಎಂದು ಅಂಗಡಿಯವನು ಕೇಳದಿದ್ದರೂ "ನಮ್ಮವರಿಗಲ್ಲ, ಮಂದಿಗೆ" ಎಂದು ಹೇಳಿದ. ತೋಟದಲ್ಲಿ ಯಾರೂ ಇಲ್ಲದಾಗ ಡಬ್ಬಿ ತೆಗೆದು, ಮುಚ್ಚಳದ ತಂತಿಯ ಕೊಂಡಿಗೆ ಆ ತೊಟ್ಟಿಲನ್ನು ಕೆಂಪು ದಾರದಿಂದ ಕಟ್ಟಿದ. ಗೋಡೆಯ ನೇರ ನೋಡುವ ಗುಂಡಿನ ದಾರಕ್ಕೆ ಗೌಂಡಿಗಳು ಹಾಕುವ ಗಂಟು ಅದು, ಎಳೆದಷ್ಟೂ ಬಿಗಿಯುವಂಥದು. ಎಲ್ಲರೂ ಬರೆಯುವ ಪುಸ್ತಕದಲ್ಲಿ ತಾನೂ ಬರೆದ: 'ಪಾಷಾ ಸಾಹೇಬರಿಗೆ ಶರಣು. ನನ್ನ ಮಗಳು ರೇಣುಕಾಗ ಒಂದು ಕೂಸು ಕೊಡ್ರಿ. ಕೂಸು ಬಂದ ಮ್ಯಾಲೆ ನಾನೇ ಬಿಚ್ಚಿಕೊಂಡು ಹೋಗ್ತೀನಿ. ಬೂದೆಪ್ಪ, ವಾಚ್‌ಮನ್.' ಹರಕೆಯ ತೊಟ್ಟಿಲಿನ ಕಟ್ಟಳೆಯೇ ಹಾಗೆ. ಕಟ್ಟಿದ ಕೈಯೇ ಬಿಚ್ಚಬೇಕು, ಅದೂ ಕೂಸು ಹುಟ್ಟಿದ ಮೇಲೆಯೇ. ಅಲ್ಲಿಯವರೆಗೆ ಬೇರೆ ಕೈ ಬಿಚ್ಚಿದರೆ ಬಸಿರಿಗೆ ಒಳ್ಳೆಯದಲ್ಲ ಎನ್ನುತ್ತಾರೆ.

ಸಾಬಮ್ಮನಿಗೆ ಹೇಳಲಿಲ್ಲ. ಮೂವತ್ತು ವರ್ಷ ಕೆಣಕಿದವನು ಯಾವ ಬಾಯಲ್ಲಿ ಹೇಳಬೇಕು?

ಎರಡು ತಿಂಗಳಿಗೆ ರೇಣುಕಾ ಬಸಿರಾದಳು. ಮೂರು ದಾಟಿತು, ಐದು ದಾಟಿತು. ಏಳರಲ್ಲಿ ಕುಬಸವೂ ಆಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ತವರೇ ಕಲಬುರಗಿಗೆ ಹೋಯಿತು, ಎಂದರೆ ಸಾಬಮ್ಮ ಎರಡು ಸೀರೆ, ಒಂದು ಡಬ್ಬಿ ಅಂಟಿನುಂಡೆ ಕಟ್ಟಿಕೊಂಡು ಹೊರಟಳು. ಬೂದೆಪ್ಪ ದಿನಾ ಬೆಳಿಗ್ಗೆ ಕಸ ಗುಡಿಸುವ ಮೊದಲು ಗೂಡಿಗೆ ಕೈ ಹಾಕಿ, ಡಬ್ಬಿ ತೆರೆದು, ತೊಟ್ಟಿಲು ಮುಟ್ಟಿ ಇಡುತ್ತಿದ್ದ. ಯಾರಾದರೂ ಕಂಡರೆ ಇರಲಿ ಎಂದು ಕೈಯಲ್ಲಿ ಪೊರಕೆ ಹಿಡಿದೇ ಇರುತ್ತಿದ್ದ.

ಒಂಬತ್ತನೆಯ ತಿಂಗಳಲ್ಲಿ, ಒಂದು ಸೋಮವಾರ ಬೆಳಿಗ್ಗೆ ಡಬ್ಬಿ ತೆರೆದರೆ ತೊಟ್ಟಿಲಿಲ್ಲ. ದಾರವಿಲ್ಲ, ಕೊಂಡಿಯೂ ಇಲ್ಲ. ಅದರ ಬದಲು ಒಂದು ಬಟ್ಟೆಯ ಗೊಂಬೆ. ಮಗುವಿನ ಆಕಾರದ್ದು, ಬೆರಳುದ್ದದ್ದು. ಅದರ ಬೆನ್ನಿಗೆ ಒಂದು ಪಿನ್ನು ಚುಚ್ಚಿತ್ತು.

ಬೂದೆಪ್ಪ ಡಬ್ಬಿಯನ್ನು ತಟ್ಟನೆ ಗೂಡಿನಲ್ಲಿಟ್ಟು ಹಿಂದೆ ಸರಿದ. ಸೂಜಿ ಚುಚ್ಚಿದ ಗೊಂಬೆ ಎಂದರೆ ಏನೆಂದು ಅವನ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ. ತೊಟ್ಟಿಲು ಒಯ್ದು ಕೂಸಿಗೆ ಸೂಜಿ ಚುಚ್ಚಿ ಇಟ್ಟಿದ್ದಾರೆ. ದೇವರನ್ನೇ ನಂಬದ ಹಾಗೆ ಮೆರೆದವನು ಅಂದು ನಿಂಬೆಹಣ್ಣು ತಂದ, ಮೆಣಸಿನಕಾಯಿ ತಂದ, ಗೂಡಿನ ಸುತ್ತ ಬೂದಿಯ ಗೆರೆ ಎಳೆದ. ಗೊಂಬೆಯನ್ನು ಮುಟ್ಟುವ ಧೈರ್ಯವಾಗಲಿಲ್ಲ. ಸಾಬಮ್ಮ ಫೋನು ಮಾಡಿ "ಉಂಡ್ರ್ಯಾ?" ಎಂದರೆ "ಉಂಡೆ" ಎಂದ. "ದನಿ ಯಾಕ ಹಿಂಗ ಐತಿ?" ಎಂದರೆ "ಮೆಣಸಿನಕಾಯಿ ಘಾಟು" ಎಂದ. ಶನಿವಾರದವರೆಗೆ ಅವನ ಹೊಟ್ಟೆಗೆ ಬರೀ ಚಹಾ.

ಶನಿವಾರ ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಬೆನ್ನಿಗೆ ಚೀಲ, ಕೈಯಲ್ಲಿ ಮೊಬೈಲು, ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಬೂದಿಯ ಗೆರೆ, ನಿಂಬೆಹಣ್ಣು ನೋಡಿ ಒಂದು ಗಳಿಗೆ ನಿಂತು, ಅದನ್ನು ದಾಟಿಯೇ ಕೈ ಹಾಕಿದಳು. ಬೂದೆಪ್ಪ ಉಸಿರು ಕಟ್ಟಿ ಸೀಟಿ ಊದಿದ. ಕುಂಟುತ್ತ ಓಡಿಬಂದು ಹಿಂದಿ, ತೆಲುಗು ಎರಡನ್ನೂ ಕಲಸಿ ಬೈದ. ಹುಡುಗಿ ಹೆದರಲಿಲ್ಲ. ಅವಳ ಕಣ್ಣು ಪುಸ್ತಕದ ಮೇಲಿತ್ತು. ನಿಧಾನಕ್ಕೆ ಗಟ್ಟಿಯಾಗಿ ಓದಿದಳು: "ನನ್ನ ಮಗಳು ರೇಣುಕಾಗ ಒಂದು ಕೂಸು ಕೊಡ್ರಿ..."

ತನ್ನ ಮಾತು ಇನ್ನೊಬ್ಬರ ಬಾಯಲ್ಲಿ, ಅದೂ ಕನ್ನಡದಲ್ಲಿ ಕೇಳಿದ್ದೇ ಬೂದೆಪ್ಪನ ಬೈಗುಳ ಬಾಯಲ್ಲೇ ನಿಂತಿತು.

"ಬೂದೆಪ್ಪ ಅಂದ್ರೆ ನೀವೇನಾ, ಅಂಕಲ್?" ಎಂದಳು ಹುಡುಗಿ. ಅವಳ ಹೆಸರು ಪೂರ್ವಿ. ಮೈಸೂರಿನವಳು, ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸ.

"ಯವ್ವಾ, ನಿಮಗ ಕನ್ನಡ ಬರ್ತೈತೇನು? ಹಂಗಾದ್ರ ಹೇಳ್ರಿ. ನನ್ನ ತೊಟ್ಟಿಲಾ ಯಾರು ಒಯ್ದಾರ? ಈ ಮಾಟ ಯಾರು ಮಾಡ್ಯಾರ?" ಎನ್ನುತ್ತ ಅವನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಎಲ್ಲವನ್ನೂ ಹೇಳಿದ. ಹೆಂಡತಿಗೆ ಹೇಳದ್ದನ್ನು ಗುರುತು ಪರಿಚಯವಿಲ್ಲದ ಹುಡುಗಿಯ ಮುಂದೆ ಹೇಳಿದ್ದಕ್ಕೆ ಅವನಿಗೆ ನಾಚಿಕೆಯೂ ಆಗಲಿಲ್ಲ.

ಪೂರ್ವಿಗೆ ನಗು ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡಳು. ಇದು ಹರಕೆಯಲ್ಲ, ಜಿಯೋಕ್ಯಾಶಿಂಗ್ ಎಂಬ ಆಟ ಎಂದು ವಿವರಿಸಿದಳು. ಯಾರೋ ಒಬ್ಬರು ಒಂದು ಡಬ್ಬಿ ಅಡಗಿಸಿ ಅದು ಎಲ್ಲಿದೆ ಎಂಬುದನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಮೊಬೈಲಿನ ದಾರಿ ಹಿಡಿದು ಬಂದು ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು ಹೋಗುತ್ತಾರೆ. ಈ ಡಬ್ಬಿ ಒಂದು ಸವಾಲಿನ ಭಾಗ. ಆರನೆಯ ನಿಜಾಮನ ಹೆಸರಿರುವ ಆರು ಜಾಗ, ಆರು ಡಬ್ಬಿ. ಮಹಬೂಬ್ ಚೌಕ, ಸಿಕಂದರಾಬಾದಿನ ಮಹಬೂಬ್ ಕಾಲೇಜಿನ ಬೀದಿ, ಮಹಬೂಬ್‌ನಗರ, ಮಹಬೂಬಾಬಾದ್, ಈ ತೋಟ, ಕಡೆಯದು ಕಲಬುರಗಿಯ ಮಹಬೂಬ್ ಗುಲ್ಶನ್ ಉದ್ಯಾನ. ಆರನ್ನೂ ಹುಡುಕಿದವರು ಗೆದ್ದಂತೆ.

"ಗೆದ್ದ್ರ ಏನ್ ಕೊಡ್ತಾರ?"

"ಏನೂ ಇಲ್ಲ ಅಂಕಲ್."

ಬೂದೆಪ್ಪನಿಗೆ ಅದು ಹರಕೆಗಿಂತ ವಿಚಿತ್ರವೆನಿಸಿತು.

"ಡಬ್ಬೀಲಿ ಇರೋ ವಸ್ತು ಬೇಕಾದ್ರೆ ತಗೋಬಹುದು, ಬದಲಿಗೆ ಇನ್ನೊಂದು ಇಡಬೇಕು. ಅದು ಆಟದ ನಿಯಮ. ಇದು ಮಾಟದ ಗೊಂಬೆ ಅಲ್ಲ, ಚೀಲಕ್ಕೆ ಸಿಕ್ಕಿಸಿಕೊಳ್ಳೋದು. ಅದಕ್ಕೇ ಬೆನ್ನಲ್ಲಿ ಪಿನ್ನು" ಎಂದು ಪೂರ್ವಿ ಗೊಂಬೆಯನ್ನು ತೆಗೆದು ತನ್ನ ದುಪಟ್ಟಾಕ್ಕೆ ಸಿಕ್ಕಿಸಿ ತೋರಿಸಿದಳು. ಆರು ದಿನ ಎದೆಯ ಮೇಲೆ ಕೂತಿದ್ದ ಬಂಡೆಯ ಅರ್ಧ ಅಲ್ಲಿಯೇ ಉರುಳಿತು. ಆಮೇಲೆ ಅವಳು ಮೊಬೈಲಿನಲ್ಲಿ ಹುಡುಕಿ ಇನ್ನರ್ಧಕ್ಕೂ ದಾರಿ ತೋರಿಸಿದಳು. ನಚಿಕೇತ ಎಂಬ ಆಟಗಾರ ಹಿಂದಿನ ಭಾನುವಾರ ಬರೆದಿದ್ದ, ಬೆಳ್ಳಿ ತೊಟ್ಟಿಲು ಬಹಳ ಮುದ್ದಾಗಿದೆ, ಬದಲಿಗೆ ಮಗಳ ಗೊಂಬೆ ಇಟ್ಟಿದ್ದೇನೆ, ಮಹಬೂಬನ ಇನ್ನೊಂದು ಊರು ನೋಡಲೆಂದು ತೊಟ್ಟಿಲನ್ನು ಕರೆದೊಯ್ಯುತ್ತಿದ್ದೇನೆ ಎಂದು. ಗುರುವಾರ ಮತ್ತೆ ಬರೆದಿದ್ದ, ಅದನ್ನು ಕಲಬುರಗಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ ಎಂದು.

"ಕಲಬುರಗಿ?" ಎಂದ ಬೂದೆಪ್ಪ. "ನನ್ನ ಮಗಳು ಇರೋದ ಅಲ್ಲಿ."

"ನಿಮ್ಮ ಅಳಿಯನಿಗೆ ಫೋನ್ ಮಾಡಿ, ತಂದಿಟ್ಕೋತಾರೆ."

"ಬ್ಯಾರೆ ಕೈ ಮುಟ್ಟಬಾರದವ್ವಾ. ಈಗಾಗಲೇ ಒಂದು ಕೈ ಮುಟ್ಟೈತಿ. ಗಂಟು ಬಿಚ್ಚ್ಯಾನೋ ಏನೋ..."

ಪೂರ್ವಿಗೆ ಬಾಕಿ ಉಳಿದಿದ್ದುದೂ ಅದೊಂದೇ ಡಬ್ಬಿ. ಮರುದಿನ ಬೆಳಗಿನ ರೈಲಿಗೆ ಇಬ್ಬರೂ ಹೊರಟರು. ಸೀಟಿ ಕೊರಳಲ್ಲೇ ಇತ್ತು. ಅದನ್ನು ತೆಗೆದಿಡುವುದು ಅವನಿಗೆ ತೋಚಲೇ ಇಲ್ಲ.

ತಾಂಡೂರು ದಾಟುವಾಗ ಸಾಬಮ್ಮನ ಫೋನು ಬಂತು. "ಬ್ಯಾನಿ ಸುರು ಆಗ್ಯಾವ. ದವಾಖಾನಿಗೆ ಕರಕೊಂಡು ಬಂದೀವಿ. ಡಾಕ್ಟ್ರು ಹೇಳಿದ್ದಕ್ಕಿಂತ ಹತ್ತು ದಿನ ಮೊದ್ಲ." ಬೂದೆಪ್ಪ "ಬರಾಕತ್ತೀನಿ" ಎಂದ. ಅಷ್ಟು ಬೇಗ ಹೇಗೆ ಎಂದು ಕೇಳುವಷ್ಟು ಸಾಬಮ್ಮನಿಗೂ ಪುರುಸೊತ್ತಿರಲಿಲ್ಲ. ಸೇಡಂ, ಚಿತ್ತಾಪುರ, ವಾಡಿ. ರೈಲು ನಿಂತಲ್ಲೆಲ್ಲ ಬೂದೆಪ್ಪ ಎದ್ದು ನಿಂತ. ವಾಡಿಯಲ್ಲಿ ಅದು ಇಪ್ಪತ್ತು ನಿಮಿಷ ಅಲ್ಲಾಡಲೇ ಇಲ್ಲ. ಅವನು ರೈಲಿನ ಹೆತ್ತವರನ್ನೂ ಬಿಡದೆ ಬೈದ.

ಕಲಬುರಗಿಯಲ್ಲಿ ಇಳಿದಾಗ ಪೂರ್ವಿ, "ಮೊದಲು ಆಸ್ಪತ್ರೆಗೆ ಹೋಗಿ ಅಂಕಲ್, ತೊಟ್ಟಿಲು ನಾನು ಹುಡುಕಿಡ್ತೀನಿ" ಎಂದಳು.

"ಬರಿಗೈಲೆ ಹ್ಯಾಂಗ ಹೋಗ್ಲಿ? ಅಕಿ ಹಂತೇಕ ಅಕಿ ಅವ್ವ ಅದಾಳ. ಇದರ ಹಂತೇಕ ಯಾರೂ ಇಲ್ಲ" ಎಂದು ಅವನು ಆಟೋ ಹತ್ತಿದ.

ಉದ್ಯಾನದಲ್ಲಿ ಪೂರ್ವಿ ಮೊಬೈಲು ಹಿಡಿದು ಸುತ್ತಿದಳು. ಅದು ಒಮ್ಮೆ ಮೂರು ಮೀಟರು ಎಂದಿತು, ಒಮ್ಮೆ ಏಳು ಎಂದಿತು. ಬೆಂಚಿನ ಕೆಳಗೆ ನೋಡಿದಳು, ಪೊದೆ ಸರಿಸಿದಳು, ಹೂಕುಂಡ ಎತ್ತಿದಳು. ಅರ್ಧ ಗಂಟೆ ಕಳೆಯಿತು. ಬೂದೆಪ್ಪ ಮೊಬೈಲಿನ ಆಸೆ ಬಿಟ್ಟು ಒಂದು ಹಳೆಯ ಗಿಡ್ಡ ಗೋಡೆಯ ಮುಂದೆ ನಿಂತ. ಗೋಡೆಯನ್ನು ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ಅಕ್ಷರ ಓದುವವರಂತೆ ನೋಡುತ್ತ ಬಂದ. ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಅವನ ಕಣ್ಣು ನಿಂತಿತು.

"ಈ ಕಲ್ಲಿನ ಸಂದಿಗೆ ಸುಣ್ಣ ಇಲ್ಲ" ಎಂದ. "ಯಾವ ಗೌಂಡಿನೂ ಹಿಂಗ ಕಟ್ಟಂಗಿಲ್ಲ."

ಮಂಡಿಯೂರಲು ಬಾರದ ಕಾಲನ್ನು ಪಕ್ಕಕ್ಕೆ ಚಾಚಿ ಕೂತು ಕಲ್ಲನ್ನು ಎಳೆದ. ಹಿಂದೆ ಡಬ್ಬಿಯಿತ್ತು. ತೆರೆದರೆ ಪುಸ್ತಕ, ನಾಲ್ಕು ಗೋಲಿ, ಅವುಗಳ ನಡುವೆ ಬೆಳ್ಳಿ ತೊಟ್ಟಿಲು. ಕೆಂಪು ದಾರ ಹಾಗೆಯೇ ಇತ್ತು. ದಾರದ ಇನ್ನೊಂದು ತುದಿಯಲ್ಲಿ ಆ ತಂತಿಯ ಕೊಂಡಿಯೂ ಇತ್ತು. ಗೌಂಡಿಯ ಗಂಟು ಬಿಚ್ಚಲು ಬಾರದೆ ನಚಿಕೇತ ಮುಚ್ಚಳದಿಂದ ಕೊಂಡಿಯನ್ನೇ ಕಿತ್ತುಕೊಂಡು ಹೋಗಿದ್ದ. ಗಂಟು ಒಂದು ಎಳೆಯೂ ಸಡಿಲವಾಗಿರಲಿಲ್ಲ.

"ಬಿಚ್ಚಿಲ್ಲ! ಯವ್ವಾ, ನೋಡ್ರಿ, ಗಂಟು ಹಂಗ ಐತಿ!" ಎಂದು ಬೂದೆಪ್ಪ ಉದ್ಯಾನದಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ. ಆ ಉದ್ಯಾನಕ್ಕೆ ತಾನೇ ವಾಚ್‌ಮನ್ ಆಗಿದ್ದರೆ ಹೀಗೆ ಕೂಗುವವನಿಗೆ ತಪ್ಪದೆ ಸೀಟಿ ಊದುತ್ತಿದ್ದ.

ಆದರೆ ಬಿಚ್ಚುವ ಹಾಗಿರಲಿಲ್ಲ. ಕೂಸು ಇನ್ನೂ ಬಂದಿರಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತ. ಪೂರ್ವಿಯೂ ಪಕ್ಕದಲ್ಲಿ ಕೂತಳು. ತಾನು ಆರನ್ನೂ ಮುಗಿಸಿದೆ ಎಂಬುದು ಅವಳಿಗೆ ನೆನಪೇ ಇರಲಿಲ್ಲ. ಬೂದೆಪ್ಪನ ತುಟಿಗಳು ಅಲುಗುತ್ತಿದ್ದವು. ಪಾಷಾನನ್ನು ಕರೆದನೋ, ಮೌನಪ್ಪನನ್ನೋ, ಮಲ್ಲಯ್ಯನನ್ನೋ ಗೊತ್ತಿಲ್ಲ. ಹೆಂಡತಿಯ ದೇವರುಗಳಲ್ಲಿ ಒಬ್ಬರೂ ಆಗ ಅವನಿಗೆ ಹೆಚ್ಚೆನಿಸಲಿಲ್ಲ.

ಫೋನು ಬಂತು. ಸಾಬಮ್ಮನ ದನಿಯ ಹಿಂದೆ ಒಂದು ಎಳೆಯ ಅಳು ಕೇಳುತ್ತಿತ್ತು. "ಹೆಣ್ಣು ಕೂಸು. ಇಬ್ಬರೂ ಚಲೋ ಅದಾರ. ಎಲ್ಲಿದ್ದೀರಿ?"

ಆರು ದಿನದ ಭಯ, ಐದು ವರ್ಷದ ಸಂಕಟ ಎಲ್ಲ ಒಂದೇ ಸಲ ಕಣ್ಣಿನಲ್ಲಿ ಇಳಿದು ಬೂದೆಪ್ಪ ಗಟ್ಟಿಯಾಗಿ ಅತ್ತ. ಮೂಗು ಒರೆಸಿಕೊಂಡು ಗಂಟು ಬಿಚ್ಚಲು ಹೋದರೆ ಬೆರಳು ಎರಡು ಸಲ ಜಾರಿತು. ಪೂರ್ವಿ ಕೈ ಚಾಚಿದಳು, ನೆನಪಾಗಿ ಹಿಂದೆ ತೆಗೆದುಕೊಂಡಳು. ಮೂರನೆಯ ಸಲಕ್ಕೆ ಗಂಟು ಬಿಚ್ಚಿತು.

ತೊಟ್ಟಿಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಏಳಲು ಹೋದವನು ನಿಂತ. "ಬದ್ಲಿ ಒಂದು ಇಡಬೇಕಂತ ಅಂದಿದ್ರೆಲ್ಲ?" ಎಂದು ಕೊರಳಿನ ಹಿತ್ತಾಳೆ ಸೀಟಿ ತೆಗೆದು ಡಬ್ಬಿಯಲ್ಲಿ ಇಟ್ಟ. ಪೂರ್ವಿ ತನ್ನ ಹೆಸರು ಬರೆದ ಮೇಲೆ ಅದರ ಕೆಳಗೆ ತಾನೂ ಬರೆದ: 'ಕೂಸು ಬಂತು. ಬಿಚ್ಚಿಕೊಂಡೆ. ಬೂದೆಪ್ಪ.' ದುಪಟ್ಟಾದಲ್ಲಿದ್ದ ಗೊಂಬೆಯನ್ನು ಪೂರ್ವಿ ಅವನ ಕೈಗಿತ್ತು, "ಇದು ನಿಮ್ಮ ತೊಟ್ಟಿಲಿನ ಬದಲಿಗೆ ಬಂದದ್ದು, ಮೊಮ್ಮಗಳಿಗೆ ಕೊಡಿ" ಎಂದಳು. ಅವನು ಮೊದಲು ಅದರ ಪಿನ್ನು ಕಿತ್ತು ಎಸೆದ. ಆಟವಾದರೇನು, ಮೈ ಮರೆಯಬಾರದಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಸಾಬಮ್ಮ ಬಟ್ಟೆ ಸುತ್ತಿದ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಒಳಗೆ ರೇಣುಕಾ ನಿದ್ದೆ ಹೋಗಿದ್ದಳು. ಬೂದೆಪ್ಪ ಹೆಂಡತಿಯ ಮುಂದೆ ನಿಂತು ಜೇಬಿನಿಂದ ತೊಟ್ಟಿಲು ತೆಗೆದು ತೋರಿಸಿದ. ತಲೆ ತಗ್ಗಿಸಿಕೊಂಡು ಗೂಡು, ಡಬ್ಬಿ, ಗೊಂಬೆ, ಆರು ದಿನದ ಸುಳ್ಳು, ಎಲ್ಲ ಹೇಳಿದ. ಮೂವತ್ತು ವರ್ಷದ ಬಾಕಿ ಈಗ ಬಡ್ಡಿ ಸಮೇತ ತೀರಿಸುತ್ತಾಳೆ, ನಕ್ಕು ನಕ್ಕು ಊರಿಗೆಲ್ಲ ಹೇಳುತ್ತಾಳೆ ಎಂದು ಕಾದ.

ಸಾಬಮ್ಮ ನಗಲಿಲ್ಲ. ತನ್ನ ಸೆರಗಿನ ತುದಿಯನ್ನು ಅವನ ಮುಂದೆ ಹಿಡಿದಳು. ಹರಕೆಯ ಗಂಟುಗಳು ಹತ್ತೊಂಬತ್ತಿದ್ದವು. ಕಡೆಯ ಆರು ಆ ವಾರದವು.

"ನನಗೂ ದಿನಾ ಎದಿ ಹೊಡಕೋತಿತ್ತು. ನೀವು ನಗತೀರಿ ಅಂತ ಹೇಳಲಿಲ್ಲ" ಎಂದಳು. "ನೀವರ ಒಂದು ಮಾತು ಹೇಳಬಾರದಿತ್ತೇನು? ಇಬ್ಬರೂ ಕೂಡೇ ಅಂಜತಿದ್ದಿವಿ."

ಬೂದೆಪ್ಪ ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಸೆರಗಿನ ಮೊದಲನೆಯ ಗಂಟನ್ನು ಕೈಗೆ ತೆಗೆದುಕೊಂಡ. "ಇದು ಯಾವ ದೇವರದು, ಹೇಳು. ಎಲ್ಲಾರ ಕಡೆಗೂ ಕೂಡೇ ಹೋಗಿ ಬರೋಣು" ಎಂದ.

ಸಾಬಮ್ಮ ಕೂಸನ್ನು ಅವನ ತೊಡೆಯ ಮೇಲಿಟ್ಟು, ಮೊದಲನೆಯದು ತಿಂಥಣಿ ಮೌನಪ್ಪನದು ಎಂದಳು.